ಸಣ್ಣ ಜೀಪಿನ ಕುಲುಕಾಟ: ಕಾರಣಗಳು ಮತ್ತು ಪರಿಹಾರ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ಡಾಂಬರು ರಸ್ತೆ ಮುಗಿದ ಮೇಲೂ ದಾರಿ ಮುಗಿಯುವುದಿಲ್ಲ. ತೋಟದ ಮನೆ, ಹೊಲದ ಬದು, ಕಾಲುವೆಯ ಏರಿ, ಕುರುಚಲು ಕಾಡಿನ ಹಾದಿ ಅಲ್ಲಿಂದಲೇ ಆರಂಭವಾಗುತ್ತವೆ. ಇಂತಹ ಹಾದಿಗಳಲ್ಲಿ ಇಂದಿಗೂ ನೆಚ್ಚಿನ ವಾಹನವೆಂದರೆ ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ನೀಡಬಲ್ಲ ಸಣ್ಣ ಜೀಪು. ಹಳೆಯ ಮಹೀಂದ್ರಾ ಜೀಪು, ಮಾರುತಿ ಜಿಪ್ಸಿ, ಥಾರ್, ಗೂರ್ಖಾ, ಜಿಮ್ನಿ ಈ ವರ್ಗಕ್ಕೆ ಸೇರಿದ ವಾಹನಗಳು. ಕೆಸರು, ಕಲ್ಲು, ಮರಳು ಯಾವುದಕ್ಕೂ ಇವು ಹಿಂಜರಿಯುವುದಿಲ್ಲ. ಆದರೆ ಒಳಗೆ ಕುಳಿತವರ ಸೊಂಟ, ಬೆನ್ನು, ಕತ್ತು ಮಾತ್ರ ಅಷ್ಟು ಗಟ್ಟಿಯಲ್ಲ.

ಜೀಪೆಂದರೆ ಕುಲುಕುವುದು ಸಹಜ ಎಂದು ಸುಮ್ಮನಾಗುವವರೇ ಹೆಚ್ಚು. ಕೆಲವರು ಗ್ಯಾರೇಜಿಗೆ ಹೋಗಿ ಕಮಾನು ಪಟ್ಟಿಯೊಂದನ್ನು ತೆಗೆಸುತ್ತಾರೆ, ಇಲ್ಲವೇ ದೊಡ್ಡ ಟಯರ್ ಹಾಕಿಸುತ್ತಾರೆ. ಇವೆರಡೂ ಸರಿಯಾದ ದಾರಿಗಳಲ್ಲ. ಕುಲುಕಾಟದ ಗಣನೀಯ ಪಾಲು ವಾಹನದ ಹುಟ್ಟುಗುಣವಲ್ಲ, ನಿರ್ವಹಣೆಯ ಕೊರತೆಯಿಂದ ಬಂದದ್ದು. ಯಾವುದು ಹುಟ್ಟುಗುಣ, ಯಾವುದು ಕೊರತೆ ಎಂಬುದನ್ನು ಬೇರ್ಪಡಿಸಿ ತಿಳಿದುಕೊಂಡರೆ ಕಡಿಮೆ ವೆಚ್ಚದಲ್ಲಿ ಪ್ರಯಾಣವನ್ನು ಸಹನೀಯವಾಗಿಸಬಹುದು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಹಾದಿ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಒಂದೇ ಜಿಲ್ಲೆಯಲ್ಲಿದ್ದರೂ ಒಂದು ತುದಿ ಮಲೆನಾಡಿನ ಸೆರಗು, ಇನ್ನೊಂದು ತುದಿ ಅಪ್ಪಟ ಬಯಲುಸೀಮೆ. ಆದ್ದರಿಂದ ಜೀಪಿನ ಮೇಲೆ ಬೀಳುವ ಪೆಟ್ಟು ಕೂಡ ಎಲ್ಲೆಡೆ ಒಂದೇ ಬಗೆಯದಲ್ಲ.

ಚನ್ನಗಿರಿ ಅಡಿಕೆಯ ನಾಡು. ತೋಟಗಳ ನಡುವಣ ದಾರಿ ಕಿರಿದು. ನೀರು ಹಾಯಿಸಿದಾಗ ಮೆತ್ತಗಾಗಿ, ಒಣಗಿದಾಗ ಚಕ್ರದ ಗಾಡಿಜಾಡು ಗಟ್ಟಿಯಾಗಿ ಉಳಿಯುತ್ತದೆ. ಇಲ್ಲಿ ವಾಹನ ಮೇಲೆ ಕೆಳಗೆ ಹಾರುವುದಕ್ಕಿಂತ ಎಡಕ್ಕೆ ಬಲಕ್ಕೆ ತೂಗಾಡುವುದೇ ಹೆಚ್ಚು. ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರದ ಸುತ್ತಲಿನ ಗುಡ್ಡಗಳ ಹಾಗೂ ಉಬ್ರಾಣಿ ಭಾಗದ ಕಾಡಂಚಿನ ಹಾದಿಗಳಲ್ಲಿ ಏರುತಗ್ಗುಗಳೂ ಸೇರಿಕೊಳ್ಳುತ್ತವೆ.

ತುಂಗಭದ್ರೆಯ ದಡದ ಹೊನ್ನಾಳಿ ಹಾಗೂ ನೆರೆಯ ನ್ಯಾಮತಿಯಲ್ಲಿ ನೀರಾವರಿ ಗದ್ದೆಗಳ ಜಿಗುಟು ಮಣ್ಣು, ಕಾಲುವೆ ಏರಿಯ ಗೊರಚು ರಸ್ತೆ ಮುಖ್ಯ. ಗೊರಚು ರಸ್ತೆಯ ಮೇಲೆ ವಾಹನಗಳು ಓಡಾಡಿದಂತೆಲ್ಲ ಅಡ್ಡಡ್ಡಲಾಗಿ ಕರಗಸದ ಹಲ್ಲಿನಂತಹ ಗೀರುಗಳು ಮೂಡುತ್ತವೆ. ಜೀಪಿನ ಪ್ರತಿಯೊಂದು ಬೋಲ್ಟೂ ನಡುಗುವುದು ಇಂತಹ ಗೀರುಗಳ ಮೇಲೆ.

ಜಗಳೂರು ಮಳೆ ಕಡಿಮೆಯ ತಾಲ್ಲೂಕು. ಕಲ್ಲು ಎದ್ದ ಹಾದಿ, ಒಣಹಳ್ಳಗಳು, ಬಳ್ಳಾರಿ ಜಾಲಿಯ ಪೊದೆಗಳು ಇಲ್ಲಿ ಸಾಮಾನ್ಯ. ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಜಿಂಕೆಗಾಗಿ 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ವನ್ಯಜೀವಿಧಾಮ ಇರುವುದೂ ಇದೇ ತಾಲ್ಲೂಕಿನಲ್ಲಿ. ಇಲ್ಲಿ ಚಕ್ರಕ್ಕೆ ಬೀಳುವುದು ಮೊನಚಾದ, ಹಠಾತ್ತನೆಯ ಪೆಟ್ಟು.

ಕಮಾನು ಗಾಡಿಯಿಂದ ಜಿಮ್ನಿಯವರೆಗೆ

ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದು ಜೋಡಿಸಿ ಅಚ್ಚಿನ ಮೇಲೆ ಕೂರಿಸುವ ಕಮಾನು ಪಟ್ಟಿಯ ವಿಧಾನ ಮೋಟಾರು ವಾಹನಕ್ಕಿಂತ ಹಳೆಯದು. ಕುದುರೆ ಸಾರೋಟು, ಜಟಕಾಗಳಲ್ಲಿ ಇದ್ದದ್ದೂ ಇದೇ. ಗ್ಯಾರೇಜಿನವರು ಇದರ ಒಂದೊಂದು ಪಟ್ಟಿಯನ್ನು ಬ್ಲೇಡ್ ಅಥವಾ ಪ್ಲೇಟ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪು ನಾಲ್ಕೂ ಚಕ್ರಗಳಿಗೆ ಇದೇ ಕಮಾನು ಪಟ್ಟಿಯನ್ನು ಬಳಸಿತು. ಯುದ್ಧಾನಂತರ ಮಹೀಂದ್ರಾ ಸಂಸ್ಥೆ ಭಾರತದಲ್ಲಿ ಜೋಡಿಸತೊಡಗಿದ ಜೀಪುಗಳಲ್ಲೂ ಅದೇ ಮುಂದುವರಿಯಿತು.

ಮಾರುತಿ ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರ ಡಿಸೆಂಬರಿನಲ್ಲಿ. 1996ರಲ್ಲಿ 1,298 ಸಿ.ಸಿ. ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. ಜಪಾನಿನ ಸುಜುಕಿ ಸಂಸ್ಥೆ 1998ರ ಜಿಮ್ನಿಯಲ್ಲಿ ಸುರುಳಿ ಸ್ಪ್ರಿಂಗ್ ಬಳಸಿತ್ತಾದರೂ, ಭಾರತದ ಜಿಪ್ಸಿ 2019ರಲ್ಲಿ ಸಾರ್ವಜನಿಕ ಮಾರಾಟ ನಿಲ್ಲುವವರೆಗೂ ಕಮಾನು ಪಟ್ಟಿಯ ಮೇಲೆಯೇ ಓಡಿತು. 2010ರ ಮೊದಲ ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಟಾರ್ಷನ್ ಬಾರ್ ಸಹಿತ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಮಾತ್ರ ಕಮಾನು ಪಟ್ಟಿ ಇತ್ತು. 2020ರ ಥಾರ್‌ನಲ್ಲಿ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗ್ ಬಂತು. 2023ರ ಜೂನ್‌ನಲ್ಲಿ ಬಿಡುಗಡೆಯಾದ ಐದು ಬಾಗಿಲಿನ ಜಿಮ್ನಿಯಲ್ಲಿ ಅಚ್ಚು ಮುಂದೆಯೂ ಹಿಂದೆಯೂ ಅಖಂಡವಾಗಿದ್ದರೂ ಅದನ್ನು ಹೊರುವುದು ಸುರುಳಿ ಸ್ಪ್ರಿಂಗ್. ಹೊಸ ವಾಹನ ಕೊಳ್ಳುವವರಿಗೆ ಈ ವ್ಯತ್ಯಾಸವೇ ಮೊದಲ ಉತ್ತರ. ಆದರೆ ಹಳ್ಳಿಗಾಡಿನಲ್ಲಿ ಓಡುತ್ತಿರುವ ಹಳೆಯ ಜೀಪು, ಜಿಪ್ಸಿಗಳ ಮಾಲೀಕರಿಗೆ ಆ ಉತ್ತರದಿಂದ ಪ್ರಯೋಜನವಿಲ್ಲ.

ದೇಹಕ್ಕೆ ನೋವಾಗುವುದೇಕೆ?

ಸ್ಪ್ರಿಂಗ್ ಮೇಲೆ ನಿಂತ ಯಾವುದೇ ತೂಕಕ್ಕೆ ತನ್ನದೇ ಆದ ತೂಗಾಟದ ಲಯವಿರುತ್ತದೆ. ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ಮೇಲೆ ಕೆಳಗೆ ತೂಗುವ ವಾಹನ ಹಿತವೆನಿಸುತ್ತದೆ. ಎರಡು ಬಾರಿ ದಾಟಿದರೆ ಒರಟು ಎನಿಸುತ್ತದೆ. ಇದಕ್ಕೊಂದು ಸರಳ ಲೆಕ್ಕವಿದೆ. ವಾಹನದ ತೂಕಕ್ಕೆ ಸ್ಪ್ರಿಂಗ್ ಸುಮಾರು 25 ಸೆಂ.ಮೀ. ಕುಗ್ಗಿದರೆ ಲಯ ಸೆಕೆಂಡಿಗೆ ಒಂದು, 11 ಸೆಂ.ಮೀ. ಕುಗ್ಗಿದರೆ ಒಂದೂವರೆ, 6 ಸೆಂ.ಮೀ. ಮಾತ್ರ ಕುಗ್ಗಿದರೆ ಎರಡು. ಜೀಪಿನ ಸ್ಪ್ರಿಂಗ್ ಹೊರೆ ಹೊರಲೆಂದು ಬಿಗಿಯಾಗಿರುತ್ತದೆ. ಹೀಗಾಗಿ ಒಬ್ಬರೇ ಕುಳಿತಾಗ ಹೆಚ್ಚು ಕುಲುಕುವ ವಾಹನ, ನಾಲ್ವರು ಕುಳಿತಾಗ ಅದೇ ರಸ್ತೆಯಲ್ಲಿ ಮೆತ್ತಗಾದಂತೆ ತೋರುತ್ತದೆ.

ದೇಹ ಸಂಪೂರ್ಣವಾಗಿ ಕಂಪಿಸುವುದರ ಪರಿಣಾಮವನ್ನು ಅಳೆಯಲು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಕುಳಿತ ಮನುಷ್ಯನ ದೇಹ ಮೇಲೆ ಕೆಳಗಿನ ಕಂಪನಕ್ಕೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ 4ರಿಂದ 8 ಬಾರಿಯ ಆಸುಪಾಸಿನಲ್ಲಿ. ಅಡ್ಡ ತೂಗಾಟಕ್ಕಾದರೆ ಸೆಕೆಂಡಿಗೆ ಎರಡು ಬಾರಿಗಿಂತ ಕೆಳಗಿನ ನಿಧಾನದ ಲಯವೇ ಹೆಚ್ಚು ಬಾಧಕ. ಚನ್ನಗಿರಿಯ ಗಾಡಿಜಾಡಿನಲ್ಲಿ ತೂಗಾಡುವವರಿಗೆ ಕತ್ತು, ಭುಜ ನೋಯುವುದಕ್ಕೂ, ಗೊರಚು ಏರಿಯ ಮೇಲೆ ಸೊಂಟ ನೋಯುವುದಕ್ಕೂ ಈ ವ್ಯತ್ಯಾಸವೇ ಕಾರಣ.

ಗೊರಚು ರಸ್ತೆಯ ಗೀರುಗಳ ನಡುವೆ 80 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಸಾಗುವ ಚಕ್ರಕ್ಕೆ ಸೆಕೆಂಡಿಗೆ ಸುಮಾರು ಆರು ಪೆಟ್ಟು ಬೀಳುತ್ತವೆ. ಅದು ದೇಹಕ್ಕೆ ಅತಿ ಬಾಧಕವಾದ ಲಯ. ವೇಗ 36 ಕಿ.ಮೀ. ಆದರೆ ಪೆಟ್ಟುಗಳು ಹನ್ನೆರಡನ್ನು ದಾಟಿ, ಕುಳಿತವರಿಗೆ ತುಸು ಹಿತವೆನಿಸುತ್ತದೆ. ಆದರೆ ಅಚ್ಚು ಮತ್ತು ಚಕ್ರಗಳೇ ಕುಣಿಯತೊಡಗುವ ಲಯವೂ ಸುಮಾರಾಗಿ ಅದೇ. ಕುಣಿಯುವ ಚಕ್ರ ನೆಲವನ್ನು ಕಚ್ಚುವುದಿಲ್ಲ. ಬ್ರೇಕೂ ಹಿಡಿಯುವುದಿಲ್ಲ, ಸ್ಟೀರಿಂಗಿಗೂ ಮಣಿಯುವುದಿಲ್ಲ. ವೇಗ ಹೆಚ್ಚಿಸಿದರೆ ಕುಲುಕಾಟ ಕಡಿಮೆ ಎಂಬ ಚಾಲಕರ ಅನುಭವ ನಿಜವಾದರೂ, ಕಾಲುವೆಯ ಏರಿಯಂತಹ ಕಿರಿದಾದ ಜಾಗದಲ್ಲಿ ಅದು ಪ್ರಾಣಾಪಾಯದ ಹಾದಿ.

ದೀರ್ಘಕಾಲ ಇಂತಹ ಕಂಪನಕ್ಕೆ ಒಳಗಾಗುವ ಚಾಲಕರಲ್ಲಿ ಸೊಂಟನೋವು ಹೆಚ್ಚು ಎಂಬುದು ವೈದ್ಯಕೀಯವಾಗಿ ಒಪ್ಪಿತವಾದ ಸಂಗತಿ. ಜೀಪನ್ನು ಆಗೊಮ್ಮೆ ಈಗೊಮ್ಮೆ ಏರುವ ಪ್ರವಾಸಿಗನಿಗಿಂತ, ದಿನವೂ ಓಡಿಸುವ ಚಾಲಕ, ಕಾಡು ಸುತ್ತುವ ಅರಣ್ಯ ಸಿಬ್ಬಂದಿ, ತೋಟದ ಮನೆಯಿಂದ ಮುಖ್ಯರಸ್ತೆಯವರೆಗೆ ಬರಬೇಕಾದ ರೋಗಿ ಮತ್ತು ಗರ್ಭಿಣಿಯರ ಪಾಲಿಗೆ ಇದು ಆರೋಗ್ಯದ ಪ್ರಶ್ನೆ.

ಗಿಡ್ಡ ವಾಹನದ ಹುಟ್ಟುಗುಣ

ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ವಿಲ್ಲೀಸ್ ಮತ್ತು ಸಿಜೆ 3ಬಿ ಜೀಪುಗಳಲ್ಲಿ ಇದು 80 ಅಂಗುಲ, ಅಂದರೆ 2,032 ಮಿ.ಮೀ. ಜಿಪ್ಸಿಯಲ್ಲಿ 2,375 ಮಿ.ಮೀ., ಮೂರು ಬಾಗಿಲಿನ ಥಾರ್‌ನಲ್ಲಿ 2,450 ಮಿ.ಮೀ., ಐದು ಬಾಗಿಲಿನ ಜಿಮ್ನಿಯಲ್ಲಿ 2,590 ಮಿ.ಮೀ. ಈ ಅಂತರ ಕಡಿಮೆಯಾದಷ್ಟೂ ವಾಹನ ಕಡಿದಾದ ದಿಣ್ಣೆಯನ್ನು ಹೊಟ್ಟೆ ತಾಗದೆ ದಾಟುತ್ತದೆ, ಕಿರಿದಾದ ತಿರುವಿನಲ್ಲಿ ಸಲೀಸಾಗಿ ತಿರುಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಮುಂದೆ ಹಿಂದೆ ತೂಗುವ ತೊಟ್ಟಿಲಾಟ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಜಿಪ್ಸಿಯ ಮುಂದಿನ ಚಕ್ರ ಉಬ್ಬು ಹತ್ತಿದ ಕಾಲು ಸೆಕೆಂಡಿನೊಳಗೆ ಹಿಂದಿನ ಚಕ್ರವೂ ಹತ್ತುತ್ತದೆ. ಮೂತಿ ಇಳಿಯುವ ಮುನ್ನವೇ ಬಾಲ ಏಳುತ್ತದೆ.

ಈ ತೊಟ್ಟಿಲಾಟವನ್ನು ತಗ್ಗಿಸಲು ಹಿಂದಿನ ಸ್ಪ್ರಿಂಗ್‌ನ ಲಯ ಮುಂದಿನದಕ್ಕಿಂತ ತುಸು ಚುರುಕಾಗಿರಬೇಕು ಎಂದು 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಆಲಿ ತೋರಿಸಿಕೊಟ್ಟರು. ತಡವಾಗಿ ಪೆಟ್ಟು ತಿಂದ ಹಿಂಭಾಗ ಆಗ ಬೇಗ ತೂಗಿ ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ. ಹಿಂದಿನ ಕಮಾನಿನಿಂದ ಮಾತ್ರ ಬ್ಲೇಡ್ ತೆಗೆಸಿದ ವಾಹನ ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ತೂಗಾಡುವುದು ಈ ಹೊಂದಾಣಿಕೆ ಕೆಡುವುದರಿಂದ.

ಇನ್ನೊಂದು ಹುಟ್ಟುಗುಣವೂ ಇದೆ. ಜಿಪ್ಸಿ ಹಾಗೂ ಹಳೆಯ ಜೀಪುಗಳಲ್ಲಿ ಮುಂದಿನ ಕಮಾನಿನ ತೂಗುಕೊಂಡಿ, ಅಂದರೆ ಶ್ಯಾಕಲ್, ಕಮಾನಿನ ಮುಂದಿನ ತುದಿಯಲ್ಲಿದೆ. ಹಿಂದಿನ ತುದಿ ಸ್ಥಿರ. ಹೀಗಾಗಿ ಚಕ್ರ ಕಲ್ಲಿಗೆ ಬಡಿದಾಗ ಅಚ್ಚು ಹಿಂದಕ್ಕೆ ಸರಿದು ಪೆಟ್ಟನ್ನು ನುಂಗುವ ಬದಲು ಮುಂದಕ್ಕೆ, ಕಲ್ಲಿನತ್ತಲೇ ಸರಿಯುತ್ತದೆ. ಮುಂದಿನ ಸೀಟಿನಲ್ಲಿ ಕುಳಿತವರಿಗೆ ಗುದ್ದಿನಂತೆ ಅನುಭವವಾಗುವುದು ಇದೇ. ಶ್ಯಾಕಲ್ಲನ್ನು ಹಿಂದಕ್ಕೆ ಬದಲಿಸುವ ಕಿಟ್‌ಗಳು ಉಂಟಾದರೂ ಅದಕ್ಕೆ ಚಾಸಿಗೆ ವೆಲ್ಡಿಂಗ್ ಮಾಡಬೇಕು, ಸ್ಟೀರಿಂಗಿನ ಕೋನಗಳೂ ಬದಲಾಗುತ್ತವೆ. ಸಾಮಾನ್ಯ ಬಳಕೆದಾರರು ಇದರ ಗೊಡವೆಗೆ ಹೋಗದಿರುವುದು ಕ್ಷೇಮ.

ಮೊದಲ ಸ್ಪ್ರಿಂಗ್ ಟಯರೇ

ನೆಲದ ಪೆಟ್ಟು ಮೊದಲು ಮುಟ್ಟುವುದು ಟಯರಿನ ಗಾಳಿಗೆ. ಟಯರ್ ಹೆಚ್ಚು ಕಾಲ ಬರಲೆಂದು ನಿಗದಿಗಿಂತ ಹೆಚ್ಚು ಗಾಳಿ ತುಂಬಿಸುವ ಅಭ್ಯಾಸವೇ ಅನೇಕ ಜೀಪುಗಳ ಕುಲುಕಾಟದ ಮೂಲ. ಸುಮಾರು ಒಂದು ಟನ್ ತೂಗುವ ಜಿಪ್ಸಿಗೆ ಸರಕು ವಾಹನದ ಲೆಕ್ಕದಲ್ಲಿ ಗಾಳಿ ತುಂಬಿದರೆ ಟಯರ್ ಮರದ ಗಾಲಿಯಂತೆ ವರ್ತಿಸುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು, ಹೊರೆ ಇದ್ದಾಗ ಎಷ್ಟು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ, ಟಯರ್ ತಣ್ಣಗಿರುವಾಗ ಅಳೆಯಬೇಕು.

ಕಚ್ಚಾ ಹಾದಿಯಲ್ಲಿ ಗಾಳಿಯನ್ನು ನಿಗದಿಗಿಂತ ಶೇ 20ರಿಂದ 25ರಷ್ಟು ಇಳಿಸಿದರೆ ಟಯರ್ ಕಲ್ಲಿನ ಮೇಲೆ ಮಡಿಚಿಕೊಂಡು ಪೆಟ್ಟನ್ನು ನುಂಗುತ್ತದೆ, ಮರಳು ಕೆಸರುಗಳಲ್ಲಿ ಹಿಡಿತವೂ ಹೆಚ್ಚುತ್ತದೆ. ಆದರೆ ಇದಕ್ಕೆ ಮೂರು ನಿಬಂಧನೆಗಳಿವೆ. ವೇಗ ಗಂಟೆಗೆ 30–40 ಕಿ.ಮೀ. ಮೀರಬಾರದು, ಹೊರೆ ಹೆಚ್ಚಿರಬಾರದು, ಡಾಂಬರು ರಸ್ತೆಗೆ ಮರಳುವ ಮುನ್ನ ಗಾಳಿ ತುಂಬಿಸಲೇಬೇಕು. ಗಾಳಿ ಕಡಿಮೆಯಾದ ಟಯರ್ ವೇಗದಲ್ಲಿ ಬಿಸಿಯಾಗಿ ಸಿಡಿಯಬಹುದು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯಂತ್ರ ವಾಹನದಲ್ಲಿ ಇರುವವರು ಮಾತ್ರ ಈ ಕ್ರಮ ಅನುಸರಿಸಬೇಕು. ಬಳ್ಳಾರಿ ಜಾಲಿ ಹಬ್ಬಿದ ಜಗಳೂರಿನ ಹಾದಿಗಳಲ್ಲಿ ಇನ್ನೂ ಎಚ್ಚರ ಬೇಕು. ಗಾಳಿ ಇಳಿದ ಟಯರಿನ ಪಕ್ಕೆ ಹೊರಕ್ಕೆ ಉಬ್ಬುವುದರಿಂದ ಮುಳ್ಳು ನೇರವಾಗಿ ಅಲ್ಲಿಗೇ ನಾಟುತ್ತದೆ, ಪಕ್ಕೆಯ ತೂತಿಗೆ ಭರವಸೆಯ ಪಂಕ್ಚರ್ ಇಲ್ಲ.

ದೊಡ್ಡ ಟಯರ್ ಹಾಕಿದರೆ ಹಿತ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಜಿಪ್ಸಿ ಕಿಂಗ್‌ನ 205/70 ಆರ್15 ಟಯರಿನ ವ್ಯಾಸ ಸುಮಾರು 668 ಮಿ.ಮೀ. ಅದರ ಜಾಗದಲ್ಲಿ 235/75 ಆರ್15 ಹಾಕಿದರೆ ವ್ಯಾಸ 733 ಮಿ.ಮೀ. ಆಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 66 ಆಗಿರುತ್ತದೆ. ಭಾರವಾದ ಚಕ್ರವನ್ನು ತಡೆಯಲು ಬ್ರೇಕಿಗೂ, ಕುಣಿತ ಅಡಗಿಸಲು ಶಾಕ್ ಅಬ್ಸಾರ್ಬರಿಗೂ ಶ್ರಮ ಹೆಚ್ಚು. ಹೊನ್ನಾಳಿ, ನ್ಯಾಮತಿಯ ಗದ್ದೆ ಬಯಲಿನಲ್ಲಿ ಓಡಿಸಿದವರು ಮತ್ತೊಂದು ಸಂಗತಿ ಗಮನಿಸಬೇಕು. ಚಕ್ರದ ಒಳಬದಿಗೆ ಅಂಟಿ ಒಣಗಿದ ಕೆಸರು ಚಕ್ರದ ಸಮತೋಲ ಕೆಡಿಸಿ ಡಾಂಬರಿನ ಮೇಲೆ ಸ್ಟೀರಿಂಗ್ ನಡುಗಿಸುತ್ತದೆ. ಬ್ಯಾಲೆನ್ಸಿಂಗ್‌ಗೆ ಹಣ ಕೊಡುವ ಮುನ್ನ ಒಳಬದಿಯನ್ನು ನೀರು ಹಾಯಿಸಿ ತೊಳೆದು ನೋಡುವುದು ಒಳಿತು.

ಕಮಾನು ಪಟ್ಟಿಯ ಆರೈಕೆ

ಕಮಾನು ಬಾಗುವಾಗ ಬ್ಲೇಡುಗಳು ಒಂದರ ಮೇಲೊಂದು ಜಾರಬೇಕು. ನಡುವೆ ತುಕ್ಕು, ಮಣ್ಣು ಸೇರಿದರೆ ಅವು ಒಂದೇ ದಪ್ಪ ಉಕ್ಕಿನ ತುಂಡಿನಂತೆ ಕಚ್ಚಿಕೊಳ್ಳುತ್ತವೆ. ಆಗ ಸಣ್ಣ ಪೆಟ್ಟುಗಳಿಗೆ ಕಮಾನು ಬಾಗುವುದೇ ಇಲ್ಲ. ಪೆಟ್ಟು ನೇರವಾಗಿ ಚಾಸಿಗೆ, ಚಾಸಿಯಿಂದ ಸೀಟಿಗೆ ಬರುತ್ತದೆ. ಕಮಾನನ್ನು ಇಳಿಸಿ, ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ, ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ ಮತ್ತೆ ಜೋಡಿಸುವುದು ಹಳೆಯ ಜೀಪಿಗೆ ಮಾಡಬಹುದಾದ ಅತ್ಯಂತ ಫಲಕಾರಿ ಸೇವೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸಿದರೆ ಒಳ್ಳೆಯದು. ಬಿಚ್ಚಿದಾಗ ಬ್ಲೇಡುಗಳಲ್ಲಿ ಬಿರುಕು, ಸೆಂಟರ್ ಬೋಲ್ಟಿನ ಸವೆತ ಪರಿಶೀಲಿಸಬೇಕು.

ಕಮಾನಿನ ಎರಡು ತುದಿಗಳ ರಬ್ಬರ್ ಬುಷ್‌ಗಳು ಸವೆದಿದ್ದರೆ ಲೋಹಕ್ಕೆ ಲೋಹ ಬಡಿದು ಕಟಕಟ ಸದ್ದು ಬರುತ್ತದೆ. ಹೊಸ ಬುಷ್ ಹಾಕಿಸುವಾಗ ಒಂದು ಸೂಕ್ಷ್ಮವಿದೆ. ವಾಹನವನ್ನು ಜಾಕ್ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ನಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಕಮಾನು ಮತ್ತಷ್ಟು ಬಿಗಿಯಾಗುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ. ವಾಹನ ತನ್ನ ಚಕ್ರಗಳ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿತ ಕೊಡಬೇಕು. ಯು-ಬೋಲ್ಟ್‌ಗಳನ್ನು ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಅಚ್ಚು ಮತ್ತು ಚಾಸಿಯ ನಡುವೆ ಒಂದು ರಬ್ಬರ್ ಗುಬುಟು ಇರುತ್ತದೆ. ಕಮಾನು ಪೂರ್ತಿ ಕುಗ್ಗಿದಾಗ ಉಕ್ಕಿಗೆ ಉಕ್ಕು ಬಡಿಯದಂತೆ ತಡೆಯುವುದು ಇದರ ಕೆಲಸ. ಹಳೆಯ ಜೀಪುಗಳಲ್ಲಿ ಇದು ಹರಿದು ಬಿದ್ದು ಹೋಗಿರುವುದೇ ಹೆಚ್ಚು. ಹಳ್ಳಕ್ಕೆ ಇಳಿದಾಗ ಢಣ್ ಎಂಬ ಸದ್ದಿನೊಂದಿಗೆ ಬೆನ್ನುಹುರಿಗೆ ತಾಗುವ ಪೆಟ್ಟು ಬಂದರೆ ಮೊದಲು ನೋಡಬೇಕಾದದ್ದು ಈ ಅಗ್ಗದ ವಸ್ತುವನ್ನು.

ಬ್ಲೇಡ್ ತೆಗೆಸಬಹುದೇ?

ಕಮಾನಿನ ಬಿಗಿತ ಬ್ಲೇಡುಗಳ ಸಂಖ್ಯೆಗಿಂತಲೂ ಅವುಗಳ ದಪ್ಪವನ್ನು ಅವಲಂಬಿಸಿದೆ. ದಪ್ಪದ ಘನದಷ್ಟು ಬಿಗಿತ ಏರುತ್ತದೆ. 6 ಮಿ.ಮೀ. ಬ್ಲೇಡುಗಳ ಬದಲಿಗೆ 7 ಮಿ.ಮೀ. ಬ್ಲೇಡುಗಳನ್ನು ಹಾಕಿದರೆ ಬಿಗಿತ ಸುಮಾರು ಶೇ 59ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದಷ್ಟು ಅಲ್ಪ ವ್ಯತ್ಯಾಸ ಸೊಂಟಕ್ಕೆ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಬ್ಲೇಡ್ ಮುರಿದಾಗ ಸಿಕ್ಕಿದ ಪಟ್ಟಿಯನ್ನು ಕತ್ತರಿಸಿ ಹಾಕಿಸದೆ, ಅದೇ ಅಳತೆಯದನ್ನು ಹುಡುಕಿ ಹಾಕಿಸಬೇಕು.

ಸಮಾನವಾದ ಐದು ಬ್ಲೇಡುಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಶೇ 20ರಷ್ಟು ಇಳಿಯುತ್ತದೆ. ಆದರೆ ಉಳಿದ ನಾಲ್ಕರ ಮೇಲೆ ಹೊರೆ ಶೇ 25ರಷ್ಟು ಏರುತ್ತದೆ. ವಾಹನ ತಗ್ಗುತ್ತದೆ, ಹಳ್ಳಗಳಲ್ಲಿ ಬೇಗ ತಳ ಮುಟ್ಟುತ್ತದೆ, ಬ್ರೇಕ್ ಒತ್ತಿದಾಗ ಕಮಾನು ಎಸ್ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಅಡಿಕೆ ಗೊನೆ, ಗೊಬ್ಬರದ ಚೀಲ ಹೇರುವ ವಾಹನದಲ್ಲಿ ಮುಖ್ಯ ಬ್ಲೇಡೇ ಮುರಿದರೆ ಅಚ್ಚು ಜರುಗಿ ಚಾಲಕನ ಹಿಡಿತ ತಪ್ಪುವ ಅಪಾಯವಿದೆ. ಹಾಗಾಗಿ ಬ್ಲೇಡ್ ತೆಗೆಸುವುದು ಪರಿಹಾರವಲ್ಲ. ತುದಿಗಳತ್ತ ತೆಳುವಾಗುತ್ತ ಹೋಗುವ, ಒಂದಕ್ಕೊಂದು ತಾಗದ ಕೆಲವೇ ಬ್ಲೇಡುಗಳುಳ್ಳ ಪ್ಯಾರಾಬೋಲಿಕ್ ಕಮಾನುಗಳಲ್ಲಿ ಘರ್ಷಣೆ ಕಡಿಮೆ, ಹಿತ ಹೆಚ್ಚು. ಆದರೆ ಅವು ಆಯಾ ವಾಹನಕ್ಕೆಂದೇ ತಯಾರಾಗಿರಬೇಕು ಮತ್ತು ಅವುಗಳಿಗೆ ತಕ್ಕ ಶಾಕ್ ಅಬ್ಸಾರ್ಬರ್ ಜೊತೆಗಿರಬೇಕು.

ಶಾಕ್ ಅಬ್ಸಾರ್ಬರ್

ಹೆಸರು ಹಾಗಿದ್ದರೂ ಪೆಟ್ಟನ್ನು ನುಂಗುವುದು ಸ್ಪ್ರಿಂಗ್. ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಒಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ಹಾಯುವಾಗ ಕುಣಿತದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಗೊರಚು ರಸ್ತೆಯಲ್ಲಿ ಬಹುಹೊತ್ತು ಓಡಿದಾಗ ಎಣ್ಣೆ ಕಾದು, ನೊರೆಯಾಗಿ, ತಡೆ ಶಕ್ತಿ ಕುಂದುತ್ತದೆ. ಅನಿಲ ತುಂಬಿದ ಶಾಕ್ ಅಬ್ಸಾರ್ಬರುಗಳಲ್ಲಿ ಈ ನೊರೆ ಕಡಿಮೆ. ಆದರೆ ಅತಿ ಬಿಗಿಯಾದದ್ದನ್ನು ಆರಿಸಿದರೆ ಸಣ್ಣ ಪೆಟ್ಟುಗಳು ಮೊದಲಿಗಿಂತ ಹೆಚ್ಚು ತಾಗುತ್ತವೆ.

ಪರೀಕ್ಷೆ ಸುಲಭ. ನಿಂತ ವಾಹನದ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ಸ್ತಬ್ಧವಾಗಬೇಕು. ಎರಡು ಮೂರು ಬಾರಿ ತೂಗಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ ಎಂದರ್ಥ. ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಇಳಿದಿರುವುದೂ ಅದೇ ಸೂಚನೆ. ಒಂದು ಅಚ್ಚಿನ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹಳೆಯ ಕಮಾನು ಇಳಿದಿರುವ ವಾಹನಕ್ಕೆ ಉದ್ದ ತಪ್ಪಿದ ಶಾಕ್ ಅಬ್ಸಾರ್ಬರ್ ಹಾಕಿದರೆ ಅದು ಕುಗ್ಗಲು ಜಾಗವಿಲ್ಲದೆ ಒಳಗೇ ಬಡಿಯುತ್ತದೆ.

ಸೀಟು ಮತ್ತು ಕೂರುವ ಜಾಗ

ದಪ್ಪ ಸ್ಪಂಜಿನ ಸೀಟು ಯಾವಾಗಲೂ ಒಳ್ಳೆಯದಲ್ಲ. ಮೆತ್ತನೆಯ ಸೀಟಿಗೂ ತನ್ನದೇ ಲಯವಿದ್ದು, ಸೆಕೆಂಡಿಗೆ ನಾಲ್ಕರ ಆಸುಪಾಸಿನ ಕಂಪನವನ್ನು ಅದು ತಗ್ಗಿಸುವ ಬದಲು ಹೆಚ್ಚಿಸಬಲ್ಲದು. ಕುಳಿತಾಗ ತಳ ಮುಟ್ಟದ, ಸೊಂಟಕ್ಕೆ ಒರಗು ಕೊಡುವ, ತುಸು ಗಟ್ಟಿಯಾದ ಫೋಮ್ ಲೇಸು. ಹಳೆಯ ಫೋಮ್ ಚಪ್ಪಟೆಯಾಗಿದ್ದರೆ ಬದಲಿಸುವುದು ಕಡಿಮೆ ಖರ್ಚಿನ ಪರಿಹಾರ.

ಎಲ್ಲಿ ಕೂರುತ್ತೇವೆ ಎಂಬುದೂ ಮುಖ್ಯ. ಎರಡು ಅಚ್ಚುಗಳ ನಡುವಿನ ಜಾಗ ಕಡಿಮೆ ಏರಿಳಿಯುತ್ತದೆ. ಹಿಂದಿನ ಅಚ್ಚಿನ ಮೇಲಿನ ಅಡ್ಡ ಸೀಟು ಅತಿ ಹೆಚ್ಚು. ವೃದ್ಧರು, ಗರ್ಭಿಣಿಯರು, ಬೆನ್ನುನೋವಿನವರು ಮುಂದಿನ ಸೀಟಿನಲ್ಲೇ ಕುಳಿತು ಬೆಲ್ಟ್ ಧರಿಸಬೇಕು. ಅಡ್ಡ ಸೀಟಿನಲ್ಲಿ ಕುಳಿತವರ ದೇಹಕ್ಕೆ ವಾಹನದ ಮುಂದೆ ಹಿಂದಿನ ತೂಗು ಪಕ್ಕದ ತೂಗಾಗಿ ತಾಗುತ್ತದೆ, ಬೆನ್ನಿಗೆ ಒರಗು ಕೂಡ ಸಾಲದು.

ಚಾಲಕನ ಕೈಯಲ್ಲಿರುವುದು

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದಂತೆ ರಸ್ತೆ ಉಬ್ಬು 3.7 ಮೀ. ಅಗಲ, 10 ಸೆಂ.ಮೀ. ಎತ್ತರವಿದ್ದು, ಗಂಟೆಗೆ 25 ಕಿ.ಮೀ. ವೇಗಕ್ಕೆ ತಕ್ಕುದಾಗಿರಬೇಕು. ಊರುಗಳ ಒಳಗಿನ ಕಡಿದಾದ ಉಬ್ಬುಗಳಿಗೆ ಈ ಲೆಕ್ಕ ಅನ್ವಯಿಸದು. ಉಬ್ಬಿಗೆ ಮುನ್ನವೇ ಬ್ರೇಕ್ ಒತ್ತಿ ವೇಗ ಇಳಿಸಿ, ಚಕ್ರ ಉಬ್ಬು ಹತ್ತುವಾಗ ಬ್ರೇಕ್ ಬಿಡಬೇಕು. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಮುಂದಿನ ಸ್ಪ್ರಿಂಗ್ ಮೊದಲೇ ಕುಗ್ಗಿರುವುದರಿಂದ ಪೆಟ್ಟು ನುಂಗಲು ಜಾಗ ಉಳಿಯುವುದಿಲ್ಲ. ಓರೆಯಾಗಿ ದಾಟಿದರೆ ಎತ್ತರದ ಜೀಪು ಪಕ್ಕಕ್ಕೆ ತೂಗುತ್ತದೆ. ನೇರವಾಗಿ, ನಿಧಾನವಾಗಿ ದಾಟುವುದೇ ಸರಿ.

ಅಗತ್ಯವಿದ್ದಾಗ ಮಾತ್ರ ನಾಲ್ಕು ಚಕ್ರಕ್ಕೆ ಬಲ ಕೊಡುವ ಜಿಪ್ಸಿ, ಥಾರ್, ಜಿಮ್ನಿಯಂತಹ ವಾಹನಗಳಲ್ಲಿ ಡಾಂಬರಿನ ಮೇಲೆ ಆ ಲಿವರ್ ಎರಡು ಚಕ್ರದ ಸ್ಥಾನದಲ್ಲಿರಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾದ ಕಾರಣ, ನಾಲ್ಕೂ ಚಕ್ರ ಕಟ್ಟಿಹಾಕಿದಂತಾಗಿ ವಾಹನ ಎಳೆದೆಳೆದು ಜಗ್ಗುತ್ತದೆ. ಅದನ್ನು ಸಸ್ಪೆನ್ಷನ್ ದೋಷವೆಂದು ಭಾವಿಸುವವರೂ ಉಂಟು.

ಕಾನೂನಿನ ಮಿತಿ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಂ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸವೆದ ಭಾಗದ ಜಾಗದಲ್ಲಿ ಅದೇ ಅಳತೆಯ ಹೊಸ ಭಾಗ ಹಾಕುವುದು ಮಾರ್ಪಾಡಲ್ಲ. ವಾಹನವನ್ನು ಎತ್ತರಿಸುವುದು, ಚಾಸಿ ಕತ್ತರಿಸಿ ಸುರುಳಿ ಸ್ಪ್ರಿಂಗ್ ಕೂರಿಸುವುದು ಬೇರೆಯೇ ಮಾತು. ಎತ್ತರಿಸಿದ ಜೀಪು ಮಗುಚುವ ಸಂಭವವೂ ಹೆಚ್ಚು. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಎದುರಾಗಬಹುದು.

ಯಾವುದು ಮೊದಲು?

ಖರ್ಚಿನ ಕ್ರಮದಲ್ಲಿ ಮುಂದುವರಿಯುವುದು ಜಾಣತನ. ಮೊದಲು ಟಯರಿನ ಗಾಳಿ ಅಳೆದು ಸರಿಪಡಿಸಬೇಕು; ಚಕ್ರದ ಒಳಬದಿಯ ಕೆಸರು ತೊಳೆಯಬೇಕು. ಎರಡನೆಯದಾಗಿ ಕಮಾನು ಬಿಚ್ಚಿ ಗ್ರೀಸ್ ಸವರಿಸಿ, ಬುಷ್ ಮತ್ತು ರಬ್ಬರ್ ಗುಬುಟುಗಳನ್ನು ಬದಲಿಸಬೇಕು. ಮೂರನೆಯದು ಶಾಕ್ ಅಬ್ಸಾರ್ಬರ್, ನಾಲ್ಕನೆಯದು ಸೀಟಿನ ಫೋಮ್. ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ ಮಾತ್ರ, ವಾಹನಕ್ಕೆ ಒಪ್ಪಿತವಾದ ಅಳತೆಯೊಳಗಿನ ಟಯರ್ ಅಥವಾ ಕಮಾನಿನ ಬದಲಾವಣೆಯ ಯೋಚನೆ ಮಾಡಬಹುದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪರಿಚಿತ ಹಾದಿಯೊಂದರಲ್ಲಿ ಅದೇ ವೇಗದಲ್ಲಿ, ಅಷ್ಟೇ ಜನರೊಂದಿಗೆ ಓಡಿಸಿ ನೋಡಿದರೆ ಯಾವುದರಿಂದ ಎಷ್ಟು ಗುಣವಾಯಿತೆಂಬುದು ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗಿಡ್ಡ ಜೀಪು ಕಾರಾಗುವುದಿಲ್ಲ. ಅದರ ಹುಟ್ಟುಗುಣ ಉಳಿದೇ ಇರುತ್ತದೆ. ಆದರೆ ಜಗಳೂರಿನ ಕಲ್ಲುಹಾದಿಯಲ್ಲಿ ದಿನವಿಡೀ ಓಡಿಸಿದ ಚಾಲಕ ಸಂಜೆ ಸೊಂಟ ಹಿಡಿದುಕೊಳ್ಳದೆ ಇಳಿಯುವುದು, ಚನ್ನಗಿರಿಯ ತೋಟದಿಂದ ಹೊರಟ ರೋಗಿ ಹೆಚ್ಚಿನ ನೋವಿಲ್ಲದೆ ಆಸ್ಪತ್ರೆ ತಲುಪುವುದು ಇಷ್ಟರಿಂದಲೇ ಸಾಧ್ಯ.